ಚೌಡಿಬನಕ್ಕೆ ಹಾರಿದ ಹಳದಿ ಡಿಸ್ಕ್

ಮಗಳು ಆಲ್ದೂರಿನಿಂದ ಆ ಪಾರ್ಸೆಲ್ ತಂದಾಗ ನಾನು ವರಾಂಡದಲ್ಲಿ ಕೂತು ಭುಜಕ್ಕೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದೆ. ರಟ್ಟಿನ ಪೆಟ್ಟಿಗೆ ಬಿಡಿಸಿದರೆ ಒಳಗೆ ಮೂರು ತಟ್ಟೆಗಳು. ಒಂದು ಕೆಂಪು, ಒಂದು ನೀಲಿ, ಒಂದು ಹಳದಿ. ತಟ್ಟೆ ಎಂದದ್ದಕ್ಕೆ ಮಗಳಿಗೆ ನಗು.

"ತಟ್ಟೆ ಅಲ್ಲ ಅಮ್ಮ, ಡಿಸ್ಕ್. ಡಿಸ್ಕ್ ಗಾಲ್ಫ್‌ದು. ಮಕ್ಕಳಿಗೆ ಅಂತಲೇ ಮಾಡಿರೋದು. ಹಿಡಿದು ನೋಡು, ಎಷ್ಟು ಲೈಟ್ ಇದೆ."

ಹಿಡಿದು ನೋಡಿದೆ. ಎರಡು ಚಪಾತಿಯಷ್ಟು ತೂಕ. ಅಂಚು ಮೆತ್ತಗೆ, ಒತ್ತಿದರೆ ಸ್ವಲ್ಪ ಬಾಗುತ್ತಿತ್ತು.

ಆ ಆಟವನ್ನು ಮಗಳು ಮೊದಲು ನೋಡಿದ್ದು ಅತ್ತಿಗುಂಡಿಯ ಕಡೆ ಯಾವುದೋ ಹೋಮ್‌ಸ್ಟೇಯಲ್ಲಿ. ಒಂದು ಕಬ್ಬಿಣದ ಕಂಬ, ಅದರ ತಲೆಯಿಂದ ಇಳಿಬಿಟ್ಟ ಸರಪಳಿಗಳು, ಕೆಳಗೊಂದು ಜಾಲರಿ ಬುಟ್ಟಿ. ದೂರದಲ್ಲಿ ನಿಂತು ಡಿಸ್ಕ್ ಎಸೆಯಬೇಕು. ಅದು ಬಿದ್ದಲ್ಲಿಗೆ ಹೋಗಿ ಮತ್ತೆ ಎಸೆಯಬೇಕು. ಆದಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿಗೆ ಬೀಳಿಸಬೇಕು. ಗಾಲ್ಫಿನ ಹಾಗೇ, ಆದರೆ ದೊಣ್ಣೆಯೂ ಇಲ್ಲ, ಚೆಂಡೂ ಇಲ್ಲ. ಅಪ್ಪ ಹೋದ ಮೇಲೆ ಎಸ್ಟೇಟು ನೋಡಿಕೊಳ್ಳುತ್ತಿರುವುದು ಇವಳೇ, ಮನಸ್ಸಿಗೆ ಬಂದದ್ದನ್ನು ಮಾಡಿಯೇ ತೀರುವವಳು. ವೆಲ್ಡಿಂಗ್ ಅಂಗಡಿಯಲ್ಲಿ ಅಂಥ ಬುಟ್ಟಿಗಳನ್ನು ಮಾಡಿಸಿ ಕಾಫಿ ಒಣಗಿಸುವ ಕಣದ ಹಿಂದಿನ ಹುಲ್ಲುಗುಡ್ಡದಲ್ಲಿ ನೆಡಿಸಿದಳು. ಮೊದಲು ತಂದಿದ್ದು ದೊಡ್ಡವರ ಡಿಸ್ಕು. ಅದು ಗಟ್ಟಿ, ಭಾರ. ಮಗುವಿನ ಬೆರಳು ಅಂಚಿನ ಸುತ್ತ ಬಾರದು. ಎಸೆದರೆ ಕಾಲ ಬುಡಕ್ಕೇ ಬಿದ್ದು ಮೊಣಕಾಲಿಗೆ ಬಡಿಯಿತು. ಮಗು ಅಳಲಿಲ್ಲ. ಡಿಸ್ಕನ್ನು ಎತ್ತಿ, ಫ್ರಾಕಿನಿಂದ ಒರೆಸಿ, ನನ್ನ ಮಗಳ ಕೈಗೆ ವಾಪಸು ಕೊಟ್ಟಿತು.

ಮಗುವಿನ ವಿಷಯ ಹೇಳಬೇಕು. ನನ್ನ ಮಗಳು ಮದುವೆಯಾಗಲಿಲ್ಲ. ಆದರೆ ತಾಯಿಯಾಗಬೇಕೆಂದು ತೀರ್ಮಾನ ಮಾಡಿ, ಕಾನೂನಿನ ಪ್ರಕಾರವೇ ಓಡಾಡಿ, ಆರು ವರ್ಷದ ಈ ಹುಡುಗಿಯನ್ನು ಮನೆಗೆ ಕರೆತಂದಳು. ಹುಡುಗಿ ಅಲ್ಲಿಯವರೆಗೆ ಬೆಳೆದದ್ದು ಒಂದು ಮಕ್ಕಳ ಆಶ್ರಮದಲ್ಲಿ. ಚೆನ್ನಾಗಿಯೇ ಸಾಕಿದ್ದರು ಪಾಪ, ಹಾಡು ಹೇಳಿಕೊಟ್ಟಿದ್ದರು, ತಲೆ ನೀಟಾಗಿ ಬಾಚಿ ಕಳಿಸಿದ್ದರು. ಆದರೆ ಅಲ್ಲಿ ಫ್ರಾಕು, ಬಾಚಣಿಗೆ, ಗೊಂಬೆ ಎಲ್ಲವೂ ಎಲ್ಲರದ್ದು.

ನಮ್ಮ ಮನೆಗೆ ಬಂದ ಮೇಲೂ ಹಾಗೇ. ಯಾವ ಫ್ರಾಕು ಬೇಕು ಎಂದರೆ "ಯಾವುದಾದ್ರೂ ಪರವಾಗಿಲ್ಲ." ಇನ್ನೊಂದು ದೋಸೆ ಎಂದರೆ "ಬೇಡ, ಪರವಾಗಿಲ್ಲ." ಹೊಸ ಶೂಗಳನ್ನು ಪ್ರತಿ ಸಂಜೆ ಅವು ಬಂದ ಡಬ್ಬಿಗೇ ಹಾಕಿಡುತ್ತಿತ್ತು, ಅಂಗಡಿಗೆ ಹಿಂದಿರುಗಿಸಬೇಕೇನೋ ಎನ್ನುವಂತೆ. ನೆಂಟರ ಮಗು ಗೊಂಬೆ ಕೇಳಿದರೆ ಕೊಟ್ಟು, ತಿರುಗಿ ನೋಡುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರುಗಳು ನಮಗೆ ಬೆಳಗ್ಗೆಯಿಂದ ಸಂಜೆಯವರೆಗೆ ಹೇಳಿದ್ದೇ ಶೇರ್ ಮಾಡಿ, ಗರ್ಲ್ಸ್, ಶೇರ್ ಮಾಡಿ ಎಂದು. ಹಾಗಾಗಿ ನನಗೆ ಖುಷಿಯೋ ಖುಷಿ.

"ಎಂಥ ಮ್ಯಾನರ್ಸ್ ನೋಡು ಈ ಮಗೂದು," ಎಂದೆ ಒಂದು ದಿನ.

ಮಗಳು ಸಿಂಕಿನ ಮುಂದೆ ನಿಂತಿದ್ದಳು. ತಿರುಗದೆಯೇ ಹೇಳಿದಳು. "ಅದು ಮ್ಯಾನರ್ಸ್ ಅಲ್ಲ ಅಮ್ಮ. ಇಲ್ಲಿ ಯಾವುದೂ ತನ್ನದು ಅಂತ ಅವಳಿಗೆ ಇನ್ನೂ ಅನ್ನಿಸಿಲ್ಲ. ನಾವೂ ಸೇರಿ. ಒಂದ್ಸಲ, ಒಂದೇ ಒಂದ್ಸಲ ಏನಾದ್ರೂ ನಂದು ಅಂದುಬಿಟ್ಟರೆ ಸಾಕಿತ್ತು ನಂಗೆ."

ಅವತ್ತಿನಿಂದ ನಾನೂ ಆ ಒಂದು ಮಾತಿಗೆ ಕಿವಿಗೊಟ್ಟು ಕೂತೆ.

ಹಗುರ ಡಿಸ್ಕುಗಳು ಬಂದ ಸಂಜೆ ಮಗು ಹಳದಿಯದನ್ನು ಎತ್ತಿಕೊಂಡಿತು. ಎಸೆಯಿತು. ಅದು ಹಾರಿತು! ಬಹಳ ದೂರವೇನಲ್ಲ, ಆದರೆ ಬೀಳುವುದಕ್ಕೆ ಅವಸರವಿಲ್ಲದ ಹಾಗೆ, ಹುಲ್ಲಿನ ಮೇಲೆ ತೇಲಿಕೊಂಡು ಹೋಗಿ ಕೂತಿತು. ಮಗುವಿನ ಬಾಯಿ ತೆರೆದದ್ದು ತೆರೆದೇ ಇತ್ತು.

ಮರುದಿನದಿಂದ ಕೋಚಿಂಗ್ ಶುರುವಾಯಿತು. ಕೋಚುಗಳು ಇಬ್ಬರು. ಒಬ್ಬಳು ನಾನು, ಒಂದು ಕಾಲದ ಥ್ರೋಬಾಲ್ ಕ್ಯಾಪ್ಟನ್. ಇನ್ನೊಬ್ಬರು ಪಕ್ಕದ ಮನೆಯಲ್ಲಿರುವ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನನಗೆ ಅವರು ಅಕ್ಕ, ಮಗುವಿಗೆ ದೊಡ್ಡಜ್ಜಿ.

"ಬೆನ್ನು ನೆಟ್ಟಗೆ! ಪೋಸ್ಚರ್, ಪೋಸ್ಚರ್!" ಎಂದು ನಾನು.

"ಸುಮ್ನಿರು ಮಾರಾಯ್ತಿ, ಅದೇನು ಪೊಲೀಸ್ ಕೆಲಸಕ್ಕೆ ಸೇರ್‍ಬೇಕಾ? ಬಾ ಇಲ್ಲಿ ಪುಟ್ಟಿ. ಮೊರದಲ್ಲಿ ಅಕ್ಕಿ ಕೇರೋದು ನೋಡಿದೀಯಲ್ಲ, ಹಾಂಗೆ. ತೋಳು ಅಲ್ಲ, ಮಣಿಕಟ್ಟು. ಫಟ್ ಅಂತ."

ಮಗು ಫಟ್ ಎಂದು ಎಸೆಯಿತು. ಡಿಸ್ಕು ಸರಪಳಿಗೆ ತಾಗಿ ಝಲ್ ಎಂದಿತು. ಅಕ್ಕ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನೂ ಎಸೆಯುತ್ತಿದ್ದೆ. ಭುಜ ಹಿಡಿದುಕೊಂಡಿರುವ ನನಗೆ ದೊಡ್ಡವರ ಡಿಸ್ಕು ಆಗದು, ಆದ್ದರಿಂದ ನನ್ನ ಸರದಿ ಬಂದಾಗ "ಹಳದಿ ಕೊಡು ಪುಟ್ಟಿ" ಎನ್ನುತ್ತಿದ್ದೆ. ಮಗು ತಕ್ಷಣ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿತ್ತು. ಒಮ್ಮೆಯೂ ಹಿಂದೆಮುಂದೆ ನೋಡಲಿಲ್ಲ. ನನ್ನ ಮಗಳು ದೂರದಿಂದ ನೋಡಿ ಮುಖ ತಿರುಗಿಸುತ್ತಿದ್ದಳು.

ಹಗುರವಾದದ್ದಕ್ಕೆ ಅದರದ್ದೇ ಕಷ್ಟವಿರುತ್ತದೆ. ಒಂದು ಮಧ್ಯಾಹ್ನ ಬಾಬಾಬುಡನ್‌ಗಿರಿಯ ಕಡೆಯಿಂದ ಗಾಳಿ ಎದ್ದಿತ್ತು. ಮಗು ಎಸೆದ ಡಿಸ್ಕಿನ ಹೊಟ್ಟೆಯ ಕೆಳಗೆ ಗಾಳಿ ಸೇರಿಕೊಂಡು ಮೇಲೆತ್ತಿತು. ದೊಡ್ಡವರದಾಗಿದ್ದರೆ ಬೀಳುತ್ತಿತ್ತು. ಇದು ಬುಟ್ಟಿಯನ್ನು ದಾಟಿ, ಸಿಲ್ವರ್ ಓಕ್ ಸಾಲನ್ನು ದಾಟಿ, ಹೋಗಿ ಹೋಗಿ ಚೌಡಿಬನದೊಳಗೆ ಇಳಿಯಿತು.

ಚೌಡಿಬನವೆಂದರೆ ನಮ್ಮ ತೋಟದ ಅಂಚಿನಲ್ಲಿ ಕಡಿಯದೆ ಬಿಟ್ಟಿರುವ ನಾಲ್ಕಾರು ಮರ. ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲು, ಅದೇ ಚೌಡಿ, ತೋಟ ಕಾಯುವವಳು. ಅಲ್ಲಿಗೆ ಕತ್ತಿ ಒಯ್ಯುವ ಹಾಗಿಲ್ಲ. ಒಣಗಿದ ಪುಳ್ಳೆಯನ್ನೂ ಸೌದೆಗೆ ತರುವ ಹಾಗಿಲ್ಲ. ಅಲ್ಲಿ ಬಿದ್ದದ್ದು ಅವಳದ್ದು. ಸಿಸ್ಟರುಗಳ ಕೈಯಲ್ಲಿ ಕಲಿತ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದಕ್ಕೆ ನಕ್ಕಿದ್ದುಂಟು. ಈಗ ನಗುವುದಿಲ್ಲ. ಯಾವಾಗ ನಿಲ್ಲಿಸಿದೆನೋ ನನಗೇ ಗೊತ್ತಿಲ್ಲ.

ಬೆಳಿಗ್ಗೆ ನೋಡೋಣ ಎಂದು ಮಗುವಿನ ಕೈ ಹಿಡಿದು ಮನೆಗೆ ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಡಿಸ್ಕು ಕಲ್ಲಿನ ಮುಂದೆ ಅಂಗಾತ ಕೂತಿದೆ. ಅದರೊಳಗೆ ದಾಸವಾಳದ ಹೂ, ಎರಡು ಬಾಳೆಹಣ್ಣು, ಅಂಚಿಗೆ ಅಚ್ಚುಕಟ್ಟಾಗಿ ಕುಂಕುಮ. ಕಾಫಿ ಹಣ್ಣು ಕೊಯ್ಯುವ ಹೆಂಗಸರು ಬೆಳಿಗ್ಗೆ ಕೈಮುಗಿಯಲು ಬಂದವರು ಅದನ್ನು ಕಲ್ಲಿನ ಬುಡದಲ್ಲೇ ಕಂಡಿದ್ದರು. ಅವರು ತಿಳಿದುಕೊಂಡದ್ದು ಒಂದೇ: ಮನೆಯ ಮಗು ಚೌಡಿಗೆ ತಟ್ಟೆ ಒಪ್ಪಿಸಿದೆ.

"ಅಮ್ಮಾವ್ರೆ, ಪುಟ್ಟಮ್ಮ ಚೌಡಮ್ಮಂಗೆ ತಟ್ಟೆ ಕೊಟ್ಟಿದಾರಲ್ಲ! ಎಂಥ ಚಂದ ಬಣ್ಣ!" ಎಂದಳು ಒಬ್ಬಳು, ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾ.

"ನಮ್ಮನೆ ಮಗೂಗೆ ಒಂದು ಬಿಸ್ಕತ್ ಕೇಳಿ ನೋಡಿ, ಇಡೀ ಕೂಲಿಲೈನಿನ ಮನೆಗಳಿಗೆ ಕೇಳೋ ಹಾಂಗೆ ಅರಚ್ತದೆ. ಇದರ ಭಕ್ತಿ ನೋಡಿ," ಎಂದಳು ಇನ್ನೊಬ್ಬಳು. ಮಗುವಿನ ಗಲ್ಲ ಮುಟ್ಟಿ ನೆಟಿಗೆ ತೆಗೆದಳು.

ಮಗು ಅವರನ್ನು ನೋಡಿತು. ಡಿಸ್ಕನ್ನು ನೋಡಿತು. ಆಮೇಲೆ ನನ್ನ ಸೆರಗು ಹಿಡಿದು, ನನಗಷ್ಟೇ ಕೇಳುವ ಹಾಗೆ ಹೇಳಿತು. "ಪರವಾಗಿಲ್ಲ ಅಜ್ಜಿ."

ಸಂಜೆ ನನ್ನ ಮಗಳು ಕೂಗಾಡಿದಳು. "ಪ್ಲಾಸ್ಟಿಕ್ ಆಟದ ಸಾಮಾನು ಅದು! ನಾನೇ ಹೋಗಿ ತರ್ತೀನಿ. ಇಲ್ಲಾಂದ್ರೆ ಇನ್ನೊಂದು ಆರ್ಡರ್ ಮಾಡ್ತೀನಿ."

"ಬೇಡ, ಪರವಾಗಿಲ್ಲ," ಎಂದಿತು ಮಗು. ಅಲ್ಲಿಗೆ ನನ್ನ ಮಗಳ ಕೂಗಾಟವೂ ನಿಂತುಹೋಯಿತು. ಇನ್ನೊಂದು ತರಿಸಬಹುದಿತ್ತು. ತರಿಸಿದ್ದರೆ ಅದೂ ಇನ್ನೊಂದು ಯಾರದ್ದೋ ವಸ್ತುವಾಗುತ್ತಿತ್ತು.

ಮಗು ನೀಲಿ ಡಿಸ್ಕನ್ನು ಎಸೆದು ನೋಡಿತು. ಅದು ದೂರ ಹಾರುವುದಕ್ಕೆಂದು ಮಾಡಿದ್ದು, ಅವಳ ಹಿಡಿತಕ್ಕೆ ಸಿಗದೆ ಸುಯ್ಯೆಂದು ಪಕ್ಕಕ್ಕೆ ತಿರುಗುತ್ತಿತ್ತು. ಕೆಂಪನ್ನು ಹತ್ತಿರದಿಂದ ಬುಟ್ಟಿಗೆ ಹಾಕುವುದಕ್ಕೆ ಎಂದು ಮಾಡಿದ್ದರಂತೆ, ಅದು ಹಾರುವುದಕ್ಕೇ ಒಪ್ಪುತ್ತಿರಲಿಲ್ಲ. ಕ್ರಮೇಣ ಗುಡ್ಡಕ್ಕೆ ಹೋಗುವುದನ್ನೇ ಬಿಟ್ಟಿತು. ಆದರೆ ಒಂದು ದಿನ ನಾನು ಕಾಫಿ ಮಾಡಲೆಂದು ಅಡಿಗೆಮನೆಗೆ ಹೋದರೆ, ಮಗು ಮಣೆಯ ಮೇಲೆ ಹತ್ತಿ, ಕಿಟಕಿಯ ಸರಳಿಗೆ ಮೂಗು ಒತ್ತಿ ನಿಂತಿದೆ. ಆ ಕಿಟಕಿಯಿಂದ ಕಾಣುವುದು ಚೌಡಿಬನ. ಮರಗಳ ಸಂದಿಯಲ್ಲಿ ಒಂದು ಹಳದಿ ಚುಕ್ಕೆ.

ನಾನು ಸದ್ದು ಮಾಡದೆ ಹಿಂದಕ್ಕೆ ಬಂದು, ನೇರ ಅಕ್ಕನ ಮನೆಗೆ ಹೋದೆ.

"ಕೇಳಬಹುದು," ಎಂದರು ಅಕ್ಕ, ಎಲ್ಲ ಕೇಳಿಕೊಂಡು. "ಅತ್ತೆ ಕಾಲದಲ್ಲಿ ನಮ್ಮ ಕೆಂದ ಹಸು ಬನದೊಳಗೆ ಹೋಗಿ ಕರು ಹಾಕಿತ್ತು. ಕರು ಬಿಟ್ಟು ಬರೋಕಾಗ್ತದಾ? ಅತ್ತೆ ಹೋಗಿ ಇದು ನಂದು ಕೊಡು ತಾಯಿ ಅಂತ ಕೇಳಿ, ಬದಲಿಗೆ ಒಂದು ಗಂಟೆ ಕಟ್ಟಿ ತಂದ್ರು. ಆದ್ರೆ ಯಾರದ್ದೋ ಅವರೇ ಕೇಳ್ಬೇಕು. ನೀನು ನಿನ್ನ ಇಂಗ್ಲಿಷ್‌ನಲ್ಲಿ ಎಕ್ಸ್‌ಕ್ಯೂಸ್ ಮಿ ಅಂದ್ರೆ ನಡೆಯೋದಿಲ್ಲ."

"ಅವಳು ಕೇಳೋದಿಲ್ಲ ಅಕ್ಕ. ಅದೇ ಅಲ್ವಾ ನಮ್ಮ ಸಂಕಟ."

"ಕೇಳ್ದಿದ್ರೆ ಚೌಡೀಗೇ ಇರ್ಲಿ. ಅವಳಿಗೂ ಊಟಕ್ಕೆ ತಟ್ಟೆ ಬೇಡ್ವಾ?"

ಹೀಗೆಂದವರು ಮರುದಿನ ತಾವೇ ಕಣದ ಅಂಚಿನಲ್ಲಿ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಕರುವಿನ ಕತೆ ಹೇಳಿದರು. ಮಗು ಕಾಫಿ ಹಣ್ಣುಗಳನ್ನು ಬೆರಳಿನಿಂದ ಸಾಲಾಗಿ ಜೋಡಿಸುತ್ತಾ ಕೇಳಿಸಿಕೊಂಡಿತು. ಸಾಲು ಮುಗಿದ ಮೇಲೆ ಕೇಳಿತು.

"ಕೇಳಿದ್ರೆ ಬೈತಾರಾ?"

"ಯಾರು, ಚೌಡಿಯಾ? ಇಷ್ಟು ದೊಡ್ಡ ತೋಟ ಕಾಯೋಳಿಗೆ ಬೈಯೋಕೆ ಪುರುಸೊತ್ತೆಲ್ಲಿ ಪುಟ್ಟಿ."

"ಕೊಡ್ದಿದ್ರೆ?"

"ಕೊಡ್ದಿದ್ರೆ ವಾಪಸ್ ಬಂದು ನನ್ನ ಹತ್ರ ಅಳು. ನಾನೂ ಅಳ್ತೀನಿ, ಜೊತೆಗೆ."

ಮಾರನೆಯ ಬೆಳಿಗ್ಗೆ ಸ್ಕೂಲ್ ಯೂನಿಫಾರ್ಮ್ ಹಾಕಿಕೊಂಡ ಮಗು ಬಾಗಿಲಲ್ಲಿ ನಿಂತಿತ್ತು. ಕೈಯಲ್ಲಿ ತಾನು ದಿನಾ ಊಟ ಮಾಡುವ ಸ್ಟೀಲ್ ತಟ್ಟೆ. ಬದಲಿಗೆ ಕೊಡಲು. ಅಷ್ಟರಲ್ಲಿ ಬಂದ ಅಕ್ಕ ಅದನ್ನು ಕಿತ್ತುಕೊಂಡು ಒಳಗೆ ಇಟ್ಟರು. "ಇದನ್ನು ಕೊಟ್ರೆ ರಾತ್ರಿ ಎಂಥದ್ರಲ್ಲಿ ಉಣ್ತೀಯ?" ಎಂದು ಗದರಿ, ತಮ್ಮ ಮನೆಯಿಂದ ಒಂದು ಪುಟ್ಟ ತಾಮ್ರದ ತಟ್ಟೆ ತಂದು ಕೈಗಿಟ್ಟರು.

ನಾವು ನಾಲ್ವರೂ ಹೋದೆವು. ಹೆಂಗಸರು ಅಲ್ಲೇ ಕೈಮುಗಿದು ಕೆಲಸಕ್ಕೆ ಹೊರಡುವುದರಲ್ಲಿದ್ದರು, ನಮ್ಮನ್ನು ನೋಡಿ ನಿಂತರು. ಇಷ್ಟು ಜನರ ಮುಂದೆ, ಭಕ್ತಿ ಎಂದು ಹೊಗಳಿದವರ ಮುಂದೆ, ದೊಡ್ಡವರಿಗೇ ಬಾಯಿ ಬರುವುದಿಲ್ಲ.

ಮಗು ಕಲ್ಲಿನ ಮುಂದೆ ತಾಮ್ರದ ತಟ್ಟೆ ಇಟ್ಟಿತು. ಕೈಮುಗಿಯಿತು. ತುಟಿ ಅಲ್ಲಾಡಿತು. ನನಗೇನೂ ಕೇಳಿಸಲಿಲ್ಲ.

"ಚೌಡಮ್ಮಂಗೆ ಕೇಳಿಸ್ಲಿಲ್ಲ," ಎಂದರು ಅಕ್ಕ. "ವಯಸ್ಸಾಗಿದೆ ಅವಳಿಗೂ, ನನ್ನ ಹಾಂಗೆ. ಸ್ವಲ್ಪ ಜೋರಾಗಿ."

"ಅದು ನಂದು," ಎಂದಿತು ಮಗು.

"ಎಂಥ?"

"ಅದು ನಂದು! ಗಾಳಿ ತಗೊಂಡು ಬಂತು! ನಾನು ಕೊಟ್ಟಿದ್ದಲ್ಲ! ನಂಗೆ ಬೇಕು!"

ಬನದಿಂದ ಯಾವುದೋ ಹಕ್ಕಿ ಪಟಪಟನೆ ಎದ್ದು ಹೋಯಿತು. ಮಗುವಿನ ಕಿವಿ ಕೆಂಪಗಾಗಿತ್ತು. ಆಮೇಲೆ ಗಲ್ಲ ಮುಟ್ಟಿ ನೆಟಿಗೆ ತೆಗೆದಿದ್ದಳಲ್ಲ, ಆ ಹೆಂಗಸೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಆಟದ ಸಾಮಾನಾ! ಮೊದ್ಲೇ ಹೇಳೋದಲ್ವಾ ಪುಟ್ಟಮ್ಮ! ನಾವು ಎರಡು ಹೊತ್ತೂ ಹಣ್ಣು ಇಟ್ಟಿದ್ದೇ ಇಟ್ಟಿದ್ದು!" ನಗು ಸಾಲಿನುದ್ದಕ್ಕೂ ಹರಡಿತು. ಅವಳೇ ಹೂವನ್ನು ತಾಮ್ರದ ತಟ್ಟೆಗೆ ಬದಲಾಯಿಸಿ, ಡಿಸ್ಕನ್ನು ತಲೆವಸ್ತ್ರದ ತುದಿಯಿಂದ ಒರೆಸಿ, ಮಗುವಿನ ಕೈಗೆ ಕೊಟ್ಟಳು. ಬಾಳೆಹಣ್ಣನ್ನೂ ಕೊಟ್ಟಳು, ಪ್ರಸಾದವೆಂದು.

ನನ್ನ ಮಗಳು ಎಲ್ಲಿ ಎಂದು ತಿರುಗಿ ನೋಡಿದೆ. ಕಾಂಡಕೊರಕ ಹುಳ ಹತ್ತಿದೆಯೇ ಎಂದು ನೋಡುವವಳ ಹಾಗೆ ಒಂದು ಕಾಫಿ ಗಿಡದ ಬುಡಕ್ಕೆ ಬಗ್ಗಿದ್ದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

ಅಂದು ಸ್ಕೂಲಿನಿಂದ ಬಂದದ್ದೇ ಮಗು ಗುಡ್ಡಕ್ಕೆ ಓಡಿತು. ನಾನೂ ನಿಧಾನವಾಗಿ ಹತ್ತಿದೆ. ಡಿಸ್ಕಿನ ಅಂಚಿನಲ್ಲಿ ಕುಂಕುಮದ ಕಲೆ ಹಾಗೇ ಉಳಿದಿತ್ತು. ಈಗಲೂ ಇದೆ, ಯಾವ ಸೋಪಿಗೂ ಹೋಗಲಿಲ್ಲ. ಮಗು ಎಸೆಯಿತು, ಓಡಿತು, ಎಸೆಯಿತು. ಒಮ್ಮೆ ಸರಪಳಿ ಝಲ್ ಎಂದಿತು. ನಾನು ಚಪ್ಪಾಳೆ ತಟ್ಟಿ, ಅಭ್ಯಾಸಬಲದಿಂದ ಕೈ ಚಾಚಿದೆ.

"ಈಗ ನನ್ನ ಸರದಿ. ಹಳದಿ ಕೊಡು ಪುಟ್ಟಿ."

ಮಗು ಎರಡೂ ಕೈಯಲ್ಲಿ ಡಿಸ್ಕನ್ನು ಹಿಡಿಯಿತು. ಕೊಡಲಿಲ್ಲ. ನನ್ನ ಮುಖ ನೋಡುತ್ತಾ, ಮೆಲ್ಲಗೆ ಅದನ್ನು ಬೆನ್ನ ಹಿಂದಕ್ಕೆ ಒಯ್ದಿತು.

"ಇದು ನಂದು ಅಜ್ಜಿ. ನೀವು ಕೆಂಪು ತಗೊಳ್ಳಿ."

ಕೆಂಪನ್ನು ತೆಗೆದುಕೊಂಡೆ. ಎಸೆದೆ. ಅದು ಯಥಾಪ್ರಕಾರ ನನ್ನ ಮುಂದೆಯೇ ಬಿತ್ತು. ಕೆಳಗೆ ಕಣದಲ್ಲಿ ಅಕ್ಕ ಮತ್ತು ನನ್ನ ಮಗಳು ಹರಡಿದ ಕಾಫಿಯ ಪಕ್ಕ ನಿಂತು ಮೇಲೆ ನೋಡುತ್ತಿದ್ದರು.

"ಏನು ಮಾರಾಯ್ತಿ, ಇವತ್ತು ಕೆಂಪು?" ಎಂದು ಅಕ್ಕ ಕೂಗಿದರು. "ಹಳದಿ ಕೊಡ್ಲಿಲ್ವಾ?"

"ಕೊಡ್ಲಿಲ್ಲ!" ಎಂದು ನಾನು ಕೂಗಿದೆ. ಮಗಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಇಡೀ ಕಣಕ್ಕೆ ಕೇಳುವ ಹಾಗೆ ಕೂಗಿದೆ. "ಕೊಡೋದಿಲ್ವಂತೆ!"