ಎಡೆಗೊಂದು ಚುಟ್ಟಾ

ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಭಾಲ್ಕಿಯಲ್ಲಿ ತೊಗರಿ ವ್ಯಾಪಾರ ಮಾಡುವ ತಮ್ಮ ಫೋನ್ ಮಾಡಿ, ಅವ್ವ ಒಂದು ಹಟ ಹಿಡಿದಿದ್ದಾಳೆ ಎಂದ.

ವರ್ಷದ ದಿನ ಔರಾದ್ ಕಡೆಯ ನಮ್ಮ ಹೊಲದಲ್ಲಿ, ಅಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿ, ಎಡೆ ಇಡಬೇಕಿತ್ತು. ಸತ್ತವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನು ಎಲೆಯ ಮೇಲೆ ಇಡುವುದು ನಮ್ಮಲ್ಲಿ ರೂಢಿ. ಜೋಳದ ರೊಟ್ಟಿ, ಮಟನ್ ಸಾರು, ಗೋಧಿ ಹುಗ್ಗಿ, ಇವುಗಳ ಚಿಂತೆ ಇರಲಿಲ್ಲ. ಚಿಂತೆ ಚುಟ್ಟಾದ್ದು. ತಂಬಾಕಿನ ಎಲೆಯನ್ನೇ ಬಿಗಿಯಾಗಿ ಸುತ್ತಿದ ಕಪ್ಪು ಚುಟ್ಟಾ. ಅಪ್ಪ ಕುರಿ ಕಾಯುತ್ತಿದ್ದ ಕಾಲದಿಂದ ಸೇದಿದ್ದು ಅದೊಂದನ್ನೇ. ಔರಾದಿನ ಸಂತೆಯಲ್ಲಿ ಕೂತು ಸುತ್ತಿ ಮಾರುತ್ತಿದ್ದ ಮುದುಕ ಈಗಿಲ್ಲ. ಅವನ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ತಮ್ಮ ತೆಲಂಗಾಣದ ಕಡೆಯಿಂದ ಒಂದು ಕಟ್ಟು ಚುಟ್ಟಾ ತರಿಸಿದ್ದ. ಅವ್ವ ಮೂಸಿ ನೋಡಿ ಪಕ್ಕಕ್ಕೆ ಸರಿಸಿದ್ದಳು.

"ಅವರ ಚುಟ್ಟಾದ ವಾಸನಿ ಇದಲ್ಲ ಅಂತಾಳ" ಎಂದ ತಮ್ಮ. "ಅದು ಸಿಗಲಿಲ್ಲಂದ್ರ ಎಡಿನೇ ಬ್ಯಾಡ, ಅವರು ಮುಟ್ಟಾದಿಲ್ಲ ಅಂತಾಳ. ತೊಗರಿ ಆಗಿದ್ರ ನಾ ಹಲ್ಲಾಗ ಕಡದು ಯಾವ ಹೊಲದ್ದಂತ ಹೇಳತಿದ್ದೆ. ಇದು ನನ್ನ ಕೈಲಿ ಆಗಾದಿಲ್ಲಕ್ಕಾ. ಬೀದರಿನಾಗ ಸಿಗಾರ್ ಸಿಗ್ತಾವಂತ. ಅವೂ ಚುಟ್ಟಾನೇ ಅಲ್ಲೇನು, ಸಾಹೇಬರ ಚುಟ್ಟಾ. ನೀ ನೋಡು."

"ನಾ ಯಾವಾಗ ಸೇದೀನಿ?"

"ಸೇದಿಲ್ಲಂದ್ರ ಕಲಿ. ಇಷ್ಟೆಲ್ಲ ಓದೀದಿ."

ಹೂಂ ಎಂದೆ. ಆ ವರ್ಷ ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ. ಮಣ್ಣು ಮಾಡುವಾಗ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು, ಹಿರಿಮಗಳು ಯಾವಾಗ ಅಳುತ್ತಾಳೆ ಎಂದು. ಯಾರೋ ಮುಂಚಿತವಾಗಿಯೇ ನೀರಿನ ತಂಬಿಗೆ ತಂದು ಕೊಟ್ಟರು. ಅಳದೆಯೇ ಕುಡಿದು ತಂಬಿಗೆ ವಾಪಸು ಕೊಟ್ಟೆ. ನಂತರ ಬೀದರಿಗೆ ಬಂದು ನೌಕರಿಗೆ ಹೋದೆ. ಬಿಸಿ ನೀರು ಬಿಸಿಯಾಗಿತ್ತು, ಚಳಿಗಾಲ ಚಳಿಯಾಗಿತ್ತು. ಅದಕ್ಕಿಂತ ಹೆಚ್ಚಿನದು ಏನೂ ನನ್ನ ತನಕ ಬರುತ್ತಿರಲಿಲ್ಲ.

ಅಪ್ಪನ ಬಗ್ಗೆ ನನ್ನಲ್ಲಿ ಒಂದು ಚಿತ್ರವಿದೆ. ಕುರಿದೊಡ್ಡಿಯ ಬಾಗಿಲಲ್ಲಿ ನಿಂತು, ಗಾಳಿಗೆ ಅಂಗೈ ಅಡ್ಡ ಹಿಡಿದು, ಕಡ್ಡಿ ಗೀರಿ ಚುಟ್ಟಾ ಹಚ್ಚುತ್ತಿದ್ದಾನೆ. ಬೆಂಕಿಯ ಬೆಳಕು ಕೆನ್ನೆಯ ಮೇಲೆ ಬಿದ್ದಿದೆ. ಇದನ್ನು ನಾನು ಹಲವರಿಗೆ ಹೇಳಿದ್ದೇನೆ, ಎರಡು ಕಡೆ ಬರೆದೂ ಇದ್ದೇನೆ. ಪ್ರತಿ ಸಲ ಬೆಳಕು ಸ್ವಲ್ಪ ಹೆಚ್ಚಾಗಿದೆ. ಹಾಗಾಗಿ ನನಗೆ ಅದರ ಮೇಲೆ ಅನುಮಾನ. ತಮ್ಮನನ್ನು ಕೇಳಿದರೆ, ಕಡ್ಡಿ ಅಲ್ಲ, ಸೀಮೆಎಣ್ಣೆಯ ಲೈಟರ್, ಅದರ ಮುಚ್ಚಳ ಟಕ್ ಅಂತಿತ್ತು ಎನ್ನುತ್ತಾನೆ. ಇಬ್ಬರೂ ಆಣೆ ಮಾಡಿ ಹೇಳಬಲ್ಲೆವು. ಚುಟ್ಟಾದ ವಾಸನೆಯಂತೂ ಇಬ್ಬರಿಗೂ ನೆನಪಿದೆ ಎನ್ನುತ್ತೇವೆ. ಹೇಗಿತ್ತು ಎಂದು ಕೇಳಿದರೆ ಚುಟ್ಟಾದ ಹಾಗೇ ಇತ್ತು ಎನ್ನುತ್ತೇವೆ.

ಬೀದರಿನಲ್ಲಿ ವಾಯುಪಡೆಯ ಅಧಿಕಾರಿಗಳು ಬಂದು ಹೋಗುವ ಒಂದು ಅಂಗಡಿ ಇದೆ. ಬಿಸ್ಕಿಟು, ಡಬ್ಬಿಯ ಚೀಸು, ಅತ್ತರಿನ ನಡುವೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಒದ್ದೆ ಸ್ಪಂಜಿಟ್ಟು ಸಿಗಾರ್ ಜೋಡಿಸಿದ್ದರು. ನಮ್ಮ ಕಡೆಯ ಒಣ ಗಾಳಿಗೆ ಅವು ಬಿರಿಯುತ್ತವಂತೆ.

"ಯಾರಿಗ್ರಿ ಮೇಡಂ? ಸಾಹೇಬರಿಗಾ?" ಅಂಗಡಿಯವನು ಕೇಳಿದ.

"ನಮ್ಮಪ್ಪಗ."

"ವಯಸ್ಸಾದವರಾ? ಖಾಂಸಿ-ಗೀಂಸಿ, ಕೆಮ್ಮು ಏನರ ಅದನು?"

"ತೀರಿಕೊಂಡಾರ್ರಿ."

ಅವನು ಸ್ವಲ್ಪ ಹೊತ್ತು ಪೆಟ್ಟಿಗೆಯ ಗಾಜು ಒರೆಸಿದ. "ಹಂಗಾದ್ರ ಕಡಕ್ ಇದ್ರೂ ನಡೀತದರಿ" ಎಂದ.

ನಗು ಬರಬೇಕಾದ ಜಾಗ ಅದು. ಎಡೆಯ ವಿಷಯ ಹೇಳಿದೆ, ಅವ್ವನ ಹಟ ಹೇಳಿದೆ, ಮೊದಲು ನಾನೇ ಸೇದಿ ಆರಿಸಬೇಕು ಎಂದೂ ಹೇಳಿದೆ. ಅವನು ಮುಖ ಬದಲಿಸಲಿಲ್ಲ. ಮದುವೆಗೆ ಬಟ್ಟೆ ಆರಿಸಲು ಬಂದವಳಿಗೆ ಹೇಳುವ ಹಾಗೆ ಹೇಳತೊಡಗಿದ.

"ಮೊದಲ ಸಲ ಅಂದ್ರ ಹಲ್ಕಾ, ಹಗುರಾದ್ದರಿಂದ ಸುರು ಮಾಡ್ರಿ. ಸಣ್ಣದು ತಗೋರಿ. ಕಪ್ಪಿದ್ದದ್ದೆಲ್ಲ ಕಡಕ್ ಅಂತಾರ, ಖರೆ ಅಲ್ಲ. ಮ್ಯಾಲಿನ ಎಲಿ ಬಣ್ಣಕ್ಕ, ಒಳಗಿನ ಎಲಿ ತಾಕತ್ತಿಗಿ. ಬೆರಳಿಲೆ ಒತ್ತಿ ನೋಡ್ರಿ. ಚರಚರ ಅಂದ್ರ ಒಣಗ್ಯಾದ, ಬ್ಯಾಡ. ಹೊಗಿ ಎದಿಗಿ ಎಳೀಬ್ಯಾಡ್ರಿ, ಬಾಯಾಗ ಇಟ್ಕೊಂಡು ಬಿಟ್ಟುಬಿಡ್ರಿ. ಒಂದು ಸಲ ಎಳದು ಸುಮ್ಮ ಕೂಡ್ರಿ. ಅವಸರ ಮಾಡಿದ್ರ ಕಹಿ ಆಗ್ತದ."

"ರುಚಿ ಹ್ಯಾಂಗ ಗೊತ್ತಾಗ್ತದ?"

"ಹುಡುಕಬ್ಯಾಡ್ರಿ. ಬರಾದಿದ್ರ ಬರ್ತದ."

ಮೊದಲನೆಯದನ್ನು ಒಂದು ಭಾನುವಾರ ಊಟವಾದ ಮೇಲೆ ಮಾಳಿಗೆಯ ಮೇಲೆ ಸೇದಿದೆ. ಖಾಲಿ ಹೊಟ್ಟೆಯಲ್ಲಿ ಬೇಡ ಎಂದಿದ್ದ. ಬಾಯಿ ಸುಟ್ಟಿತು, ತಲೆ ತಿರುಗಿತು, ನೀರಿನ ಟಾಕಿಗೆ ಒರಗಿ ಕೂತೆ. ರುಚಿ ಇರಲಿಲ್ಲ. ಸುಟ್ಟ ಕಾಗದ ಎನ್ನಬಹುದಿತ್ತು, ಆದರೆ ಸುಟ್ಟ ಕಾಗದವನ್ನು ನಾನು ತಿಂದಿಲ್ಲ. ಎರಡನೆಯದೂ ಹಾಗೇ. ಮೂರನೆಯದರ ಹೊತ್ತಿಗೆ ಕೆಳಗಿನಿಂದ ಮನೆಯೊಡತಿ ಕೂಗಿದಳು.

"ಅಕ್ಕೋರೆ, ಮ್ಯಾಲ ಏನು ಸುಡ್ಲಾಕತ್ತೀರಿ?"

"ಅಭ್ಯಾಸ ಮಾಡ್ಲಾಕತ್ತೀನ್ರಿ."

"ಪರೀಕ್ಷಾ ಅದನು?"

"ಹೌದ್ರಿ."

"ಮಾಡ್ರಿ ಮಾಡ್ರಿ. ನನ್ನ ಸೀರಿ ಅಷ್ಟು ತಗದು ಕೆಳಗ ಒಗೀರಿ, ಇಲ್ಲಂದ್ರ ನಾಳಿ ನಾ ಗುಡಿಗಿ ಹೋದ್ರ ಪೂಜಾರಿ ನನಗ ಬೀಡಿಗಿ ಬೆಂಕಿ ಕೇಳ್ಯಾನು."

ಒಣಹಾಕಿದ್ದ ಸೀರೆ ತೆಗೆದು ಕೆಳಗೆ ಎಸೆದೆ.

ನಿಧಾನಕ್ಕೆ ವ್ಯತ್ಯಾಸಗಳು ಗೊತ್ತಾಗತೊಡಗಿದವು. ಹಚ್ಚಿದಾಗಿನ ಖಾರ ಬೇರೆ, ನಡುವಿಗೆ ಬಂದಾಗಿನದು ಬೇರೆ, ಕೊನೆಗೆ ಬೆರಳು ಬಿಸಿಯಾಗುವಾಗಿನದು ಬೇರೆ. ಒಂದರಲ್ಲಿ ತೊಗರಿ ಹೊಟ್ಟಿನ ಧೂಳು ಸಿಕ್ಕಿತು. ಇನ್ನೊಂದರಲ್ಲಿ ರೊಟ್ಟಿಯ ಕರಕಾದ ಅಂಚು. ಅಂಗಡಿಯವನು ಬೇರೆ ಮಾತು ಹೇಳುತ್ತಿದ್ದ. ಅವನು ಚರ್ಮ ಎಂದ ದಿನ ನನಗೆ ಚರ್ಮ ಸಿಕ್ಕಿತು, ಕಾಫಿ ಎಂದ ದಿನ ಕಾಫಿ. ಆಗ ತೊಗರಿ ಹೊಟ್ಟಿನ ಮೇಲೂ ಅನುಮಾನ ಬಂತು. ನಾಲಿಗೆ ಮೊದಲು ಹೇಳಿತೋ, ನಾನು ಮೊದಲು ಹೇಳಿ ನಾಲಿಗೆ ಹೂಂ ಎಂದಿತೋ. ಅದೂ ನನ್ನಂತೆಯೇ ಎಲ್ಲದಕ್ಕೂ ಹೂಂ ಎನ್ನುತ್ತಿರಬಹುದು.

ಸೇದಿ ಪರವಾಗಿಲ್ಲ ಎನ್ನಿಸಿದರೆ ಅದೇ ಬಗೆಯ ಇನ್ನೊಂದನ್ನು ಕೊಂಡು, ಒದ್ದೆ ಬಟ್ಟೆ ಹಾಸಿದ ಸ್ಟೀಲ್ ಡಬ್ಬಿಯಲ್ಲಿಟ್ಟು ಭಾಲ್ಕಿಗೆ ಒಯ್ಯುತ್ತಿದ್ದೆ. ಅವ್ವ ಬಾಗಿಲ ಬಳಿ ಕೂತು ಮಿಸ್ರಿ ಉಜ್ಜುತ್ತಿರುತ್ತಿದ್ದಳು. ಹುರಿದು ಪುಡಿ ಮಾಡಿದ ಆ ತಂಬಾಕನ್ನು ಒಸಡಿಗೆ ತಿಕ್ಕಿಕೊಳ್ಳದೆ ಅವಳಿಗೆ ಬೆಳಗಾಗುವುದಿಲ್ಲ, ಸಂಜೆಯೂ ಆಗುವುದಿಲ್ಲ. ಕಪ್ಪಾದ ಬೆರಳನ್ನು ದೂರ ಹಿಡಿದು, ಇನ್ನೊಂದು ಕೈಯಲ್ಲಿ ಸಿಗಾರ್ ತೆಗೆದುಕೊಂಡು, ಕಣ್ಣು ಮುಚ್ಚಿ ಮೂಸುತ್ತಿದ್ದಳು.

"ಇದು ಪೆಟ್ಟಿಗಿ ವಾಸನಿ."

ಮುಂದಿನ ವಾರ: "ಇದರಾಗ ಅತ್ತರ್ ಹಾಕ್ಯಾರ. ನಿಮ್ಮಪ್ಪ ಏನು ನವಾಬ ಇದ್ದನು?"

ಅದರ ಮುಂದಿನ ವಾರ ಮೂಸಿ, ತಿರುಗಿಸಿ, ಮತ್ತೆ ಮೂಸಿದಳು. ನಾನೂ ತಮ್ಮನೂ ಅವಳ ಮೂಗನ್ನೇ ನೋಡುತ್ತಿದ್ದೆವು.

"ಹತ್ರ ಅದ" ಎಂದಳು.

"ಅಂದ್ರ ಇದೇ ನಡೀತದಲ್ಲವ್ವಾ?" ತಮ್ಮ ಕೇಳಿದ.

"ಹತ್ರ ಅದ ಅಂದೆ. ಪಕ್ಕದ ಮನಿಯಾಂವನೂ ಹತ್ರನೇ ಇರ್ತಾನ, ಅವಂಗ ಎಡಿ ಇಡ್ತೇನೇನು?"

ವರ್ಷದ ದಿನಕ್ಕೆ ಮುಂಚಿನ ಭಾನುವಾರ ಕಪ್ಪನೆಯ, ದಪ್ಪನೆಯ ಒಂದನ್ನು ಸೇದಿದೆ. ಅಂಗಡಿಯವನು ಅದರ ಬಗ್ಗೆ ಏನೂ ಹೇಳಿರಲಿಲ್ಲ. ಏನೂ ಹೇಳಬೇಡ ಎಂದು ನಾನೇ ಕೇಳಿಕೊಂಡಿದ್ದೆ. ನಡುವಿಗೆ ಬಂದಾಗ ಹೊಗೆಯನ್ನು ಸ್ವಲ್ಪ ಮೂಗಿನಿಂದ ಬಿಟ್ಟೆ. ಒದ್ದೆ ಕಂಬಳಿಯ ವಾಸನೆ ಬಂತು. ಮಳೆಯಲ್ಲಿ ನೆನೆದು, ಒಲೆಯ ಪಕ್ಕ ಒಣಹಾಕಿದ ಕರಿ ಕಂಬಳಿ. ಅಪ್ಪನದು. ಈಗ ಏನಾದರೂ ಆಗುತ್ತದೆ ಎಂದುಕೊಂಡೆ. ಕಾದೆ. ಕಾಗೆಯೊಂದು ಟಾಕಿಯ ಮೇಲೆ ಕೂತು ಎದ್ದು ಹೋಯಿತು. ಏನೂ ಆಗಲಿಲ್ಲ. ಕಂಬಳಿ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ, ಅಷ್ಟೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಇಷ್ಟು ವಾರ ಇಷ್ಟು ಬಗೆಯ ಹೊಗೆ ಬಾಯಲ್ಲಿಟ್ಟುಕೊಂಡ ಮೇಲೆ ಅಪ್ಪನ ಚುಟ್ಟಾದ ವಾಸನೆ ಎಂದು ನಾನು ಇಟ್ಟುಕೊಂಡಿದ್ದದ್ದು ಎಲ್ಲಿದೆ ಎಂದು ಹುಡುಕಿದರೆ ಸಿಗಲಿಲ್ಲ. ಅಲ್ಲಿ ಈಗ ಗಾಜಿನ ಪೆಟ್ಟಿಗೆಯ ಸಿಗಾರ್‌ಗಳು ಸಾಲಾಗಿ ಮಲಗಿದ್ದವು.

ಅದರ ಜೊತೆಯದನ್ನೇ ಒಯ್ದೆ. ಅವ್ವನಿಗೆ ಮೊದಲೇ ತೋರಿಸಲಿಲ್ಲ. ಬೇಡ ಎಂದರೆ ಇನ್ನೊಂದನ್ನು ಹುಡುಕಲು ದಿನ ಉಳಿದಿರಲಿಲ್ಲ.

ವರ್ಷದ ದಿನ ತಮ್ಮನ ಗಾಡಿಯಲ್ಲಿ ಮೂವರೂ ಹೊಲಕ್ಕೆ ಹೋದೆವು. ಕಲ್ಲು ಇಟ್ಟ ಜಾಗ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಸಗಣಿ ಕುಳ್ಳಿನ ಕೆಂಡದ ಮೇಲೆ ಲೋಬಾನದ ಧೂಪ ಹಾಕಿ, ಎಲೆ ಹಾಸಿ ಬಡಿಸಿದೆವು. ಅವ್ವ ಕೈ ಚಾಚಿದಳು. ಡಬ್ಬಿ ತೆರೆದು ಕೊಟ್ಟೆ. ಮೂಸಿದಳು. ವಾಪಸು ಕೊಟ್ಟಳು.

"ಹಚ್ಚು" ಎಂದಳು.

ಅಂಗಡಿಯಲ್ಲೇ ಅದರ ತುದಿ ಕತ್ತರಿಸಿಕೊಂಡು ಬಂದಿದ್ದೆ. ಬಾಯಿಗೆ ಇಡಲು ಹೋದಾಗ ತಮ್ಮ ಕೈ ಹಿಡಿದ. "ಬಾಯಿ ಹಚ್ಚಬ್ಯಾಡಕ್ಕಾ. ಎಂಜಲ ಆಗ್ತದ. ಎಡಿಗಿ ಎಂಜಲದ್ದು ಇಡ್ತಾರೇನು?"

ಇಷ್ಟು ವಾರಗಳಲ್ಲಿ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಎಳೆಯದೆ ಅದು ಹತ್ತುವುದಿಲ್ಲ. ಕೆಂಡದ ಮೇಲೆ ಹಿಡಿದೆ. ಅಂಚು ಕೆಂಪಾಯಿತು, ನೂಲಿನೆಳೆಯಷ್ಟು ಹೊಗೆ ಬಂತು, ಆರಿತು. ತಮ್ಮ ಟವೆಲಿನಿಂದ ಗಾಳಿ ಹಾಕಿದ. ಬೂದಿ ಹಾರಿ ಹುಗ್ಗಿಯ ಮೇಲೆ ಬಿತ್ತು.

"ಸೈಕಲ್ ಪಂಪ್ ಇದ್ರ ಆಗತಿತ್ತು ನೋಡು" ಎಂದ.

"ಏನು ನಡಿಸೀರಿ ಇಬ್ಬರೂ?" ಎಂದಳು ಅವ್ವ. "ಇಲ್ಲಿ ಕೊಡು."

ತೆಗೆದುಕೊಂಡು ಬಾಯಲ್ಲಿಟ್ಟುಕೊಂಡಳು. ಎರಡು ಕಡ್ಡಿಗಳ ನಡುವೆ ಒಂದು ಕೆಂಡ ಎತ್ತಿ ತುದಿಗೆ ಹಿಡಿದಳು. ಕೆನ್ನೆಗಳು ಒಳಗೆ ಹೋದವು. ಕೆಂಡ ಬೆಳಗಿತು. ಒಂದು ಸಲ, ಎರಡು ಸಲ, ತುದಿಯನ್ನು ಸುತ್ತಲೂ ತಿರುಗಿಸುತ್ತ. ಕೆಮ್ಮಲಿಲ್ಲ. ನನಗೆ ಅಂಗಡಿಯವನು ಹೇಳಿಕೊಟ್ಟಿದ್ದೂ ಹಾಗೆಯೇ ತಿರುಗಿಸು ಎಂದು.

"ಅವ್ವಾ, ಎಂಜಲ…" ಎಂದ ತಮ್ಮ.

"ನನ್ನ ಎಂಜಲಿಲ್ಲದ ಚುಟ್ಟಾ ಅವರು ಯಾವಾಗ ಸೇದ್ಯಾರ?" ಎಂದಳು. "ನಸುಕಿನಾಗ ಒಲಿ ಹಚ್ಚಿದ ಕೂಡ್ಲೆ ಮೊದಲು ಅದೇ ಕೆಲಸ ನಂದು. ಅವರ ಒಂದು ಕೈಯಾಗ ಮರಿ, ಒಂದು ಕೈಯಾಗ ಬಡಿಗಿ. ನಾ ಹಚ್ಚಿ, ಎಳದು, ಹತ್ತಿದ ಮ್ಯಾಲ ಅವರ ಬಾಯಾಗ ಇಡತಿದ್ದೆ."

"ನಾನು ನೋಡೀನಿ, ಕಡ್ಡಿ ಗೀರಿ ಹಚ್ಚಾದು" ಎಂದೆ.

"ಅದು ನಡುವ ಆರಿದ್ದು ಮತ್ತ ಹಚ್ಚಾದು. ಹೊಸಾದು ನಾನೇ ಹಚ್ಚತಿದ್ದೆ."

"ನಾವು ಒಮ್ಮಿನೂ ನೋಡಿಲ್ಲಲ್ಲ?"

"ನೀವು ಮಲಗಿರತಿದ್ರಿ."

ಸಿಗಾರನ್ನು ಬಾಯಿಂದ ತೆಗೆದು, ಹೊಗೆ ಬಿಟ್ಟು, ಎಲೆಯ ಅಂಚಿನ ಮೇಲೆ ಇಟ್ಟಳು.

"ಅವರ ಚುಟ್ಟಾ ಇದೇನು?" ತಮ್ಮ ಮೆಲ್ಲಗೆ ಕೇಳಿದ.

"ಅಲ್ಲ."

ತಮ್ಮ ಎಲೆಯ ಮೇಲಿನ ರೊಟ್ಟಿ ನೋಡುತ್ತಿದ್ದ, ಈಗ ಅದನ್ನೆಲ್ಲ ಎತ್ತಿಡಬೇಕೋ ಏನೋ ಎಂಬಂತೆ.

"ಇರ್ಲಿ" ಎಂದಳು ಅವ್ವ. "ಎಲಿ ಯಾವುದರೆ ಇರ್ಲಿ. ನನ್ನ ಬಾಯಿ ಅವರಿಗೆ ಗೊತ್ತದ. ಕೈ ಮುಗೀರಿ."

ಕೈ ಮುಗಿದೆವು. ನಾವು ಊಟಕ್ಕೆ ಎಲೆ ಹಾಕಿಕೊಳ್ಳುವಷ್ಟರಲ್ಲಿ ಸಿಗಾರ್ ಆರಿತ್ತು. ಅವ್ವ ಅದನ್ನು ಎತ್ತಿ ನನ್ನತ್ತ ಹಿಡಿದಳು. "ಆರಿದ್ದು ನೀ ಹಚ್ಚು. ಕಲತೀದಿಯಲ್ಲ."

ಅವಳ ಉಗುಳಿನಿಂದ ಒದ್ದೆಯಾದ ತುದಿಯನ್ನು ಬಾಯಲ್ಲಿಟ್ಟುಕೊಂಡೆ. ಕೆಂಡ ಹಿಡಿದು ಎಳೆದೆ. ಸುಮ್ಮನೆ ಕೂತೆ. ಕಂಬಳಿ ಬರಲಿಲ್ಲ, ಹೊಟ್ಟು ಬರಲಿಲ್ಲ, ಚರ್ಮ, ಕಾಫಿ ಯಾವುದೂ ಬರಲಿಲ್ಲ. ಬೇರೆ ಏನೋ ಇತ್ತು.

"ಹ್ಯಾಂಗದ?" ಅವ್ವ ಕೇಳಿದಳು.

"ನಿನ್ನ ಮಿಸ್ರಿ ವಾಸನಿ ಹತ್ತ್ಯಾದ ಇದಕ್ಕ."

"ಅವರೂ ಹಂಗೇ ಅಂತಿದ್ರು" ಎಂದು ಅವಳು ರೊಟ್ಟಿ ಮುರಿದಳು.

ಅಪ್ಪ ನಿಜಕ್ಕೂ ಹಾಗೆ ಅನ್ನುತ್ತಿದ್ದನೋ, ಅವಳು ಆಗಷ್ಟೇ ಅವನ ಬಾಯಲ್ಲಿ ಆ ಮಾತು ಇಟ್ಟಳೋ, ಕೇಳಲಿಲ್ಲ. ಸಿಗಾರನ್ನು ಎಲೆಯ ಮೇಲೆ ಮೊದಲಿದ್ದಲ್ಲೇ ಇಟ್ಟೆ. ಗಾಳಿ ಇರಲಿಲ್ಲ, ಹೊಗೆ ನೆಟ್ಟಗೆ ಹೋಗುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ತಮ್ಮ ಹೇಳಿದ. ನನ್ನ ನಾಲಿಗೆ ಜುಮುಜುಮು ಎನ್ನುತ್ತಿತ್ತು. ಉಪ್ಪು ನನಗೆ ಗೊತ್ತಾಗಲಿಲ್ಲ. ಹೂಂ ಎನ್ನದೆ ಊಟ ಮಾಡಿದೆ.