ಅಕ್ಕನ ಪುಡಿ ಡಬ್ಬಿ

ನನ್ನದು ಸಂಶಯದ ಸ್ವಭಾವ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿದವಳು, ಹಾಲನ್ನೂ ಮೂಸಿಯೇ ಕಾಯಿಸುತ್ತೇನೆ. ಹೀಗಿರುವಾಗ ದೊಡವಾಡದಲ್ಲಿ ನನ್ನ ಅಕ್ಕನ ಅಡುಗೆಕಟ್ಟೆಯ ಮೇಲೆ ಹಳದಿ ಪುಡಿಯ ಡಬ್ಬಿ ಕಂಡರೆ ಸುಮ್ಮನಿರುವುದು ಹೇಗೆ? ಅರಿಶಿನ, ಬೆಳ್ಳುಳ್ಳಿ, ಇನ್ನೂ ಏನೇನೋ ಸೇರಿಸಿದ್ದಂತೆ. ಸವದತ್ತಿ ಕಡೆಯ ಮಾರಾಟಗಾರನೊಬ್ಬ ಓಣಿಯ ಹೆಂಗಸರನ್ನು ಕೂಡಿಸಿ, ಕ್ಯಾನ್ಸರ್ ತರುವ ಜೀನುಗಳ ಬಾಯಿಯನ್ನೇ ಇದು ಮುಚ್ಚಿಸುತ್ತದೆ ಎಂದು ಹೇಳಿ ಮಾರಿ ಹೋಗಿದ್ದ.

ನಮ್ಮ ಅವ್ವ ಎದೆಯ ಕ್ಯಾನ್ಸರಿನಿಂದ ಹೋದವಳು. ಅಕ್ಕ ಯಾಕೆ ಕೊಂಡಳೆಂದು ತಿಳಿಯಿತು, ಆದರೂ ಸಿಟ್ಟು ಬಂತು.

ಬೈಲಹೊಂಗಲಕ್ಕೆ ಮರಳಿದವಳೇ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗಳನ್ನು ಕೇಳಿದೆ. ಆ ಮನುಷ್ಯನನ್ನು ಚೆನ್ನಾಗಿ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಇವಳೂ ಒಂದು ಡಬ್ಬಿ ಕೊಂಡಿದ್ದಾಳೋ ಏನೋ ಅನ್ನಿಸಿತು.

"ಪೂರ್ತಿ ಸುಳ್ಳಲ್ಲ ಅವ್ವಾ. ಜೀನ್ ಬದಲಾಗಂಗಿಲ್ಲ, ಆದ್ರ ಅದರ ಮ್ಯಾಲ ಸಣ್ಣ ಸಣ್ಣ ಗುರುತು ಇರ್ತಾವು. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ನಿರಬೇಕು ಅನ್ನೋದು ಅವುಗಳ ಮ್ಯಾಲೂ ನಿಂತಿರತೈತಿ. ಅರಿಶಿಣ, ಬಳ್ಳೊಳ್ಳಿ, ಕೋಬೀಜ ಪಲ್ಯಾದಾಗಿನ ಕೆಲವು ಅಂಶ ಆ ಗುರುತು ಬದಲಿಸ್ತಾವು ಅಂತ ಪ್ರಯೋಗಶಾಲಿಯೊಳಗ ಕಂಡೈತಿ. ಮನಷ್ಯಾರ ಮೈಯಾಗ ಎಷ್ಟು ಅನ್ನೋದು ಇನ್ನೂ ಖಾತ್ರಿ ಇಲ್ಲ. ಊಟದಾಗ ಇದ್ರ ಚಲೋನ. ಬಂದ ಗಂಟು ಕರಗಸ್ತೈತಿ ಅಂದ್ರ ಮಾತ್ರ ನಂಬಬ್ಯಾಡ."

ಗಂಟು ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅಕ್ಕನ ಮನೆಯಲ್ಲಿ ಅವತ್ತು ರೊಟ್ಟಿ ಬಡಿದವಳು ಸೊಸೆ. ಅಕ್ಕನೋ, ತನ್ನ ರೊಟ್ಟಿ ಹಿಟ್ಟಿಗೆ ಇನ್ನೊಬ್ಬರ ಕೈ ತಾಗಗೊಡದವಳು. ನೀರಿನ ಕೊಡವನ್ನೂ ಎಡಗೈಯಿಂದಲೇ ಎತ್ತಿದ್ದಳು.

ಮರುದಿನ ಮೊದಲ ಬಸ್ಸಿಗೇ ಮತ್ತೆ ದೊಡವಾಡಕ್ಕೆ ಹೋದೆ. ಕೋಣೆಯ ಬಾಗಿಲು ಹಾಕಿ, "ಸೆರಗ ತಗಿ ಅಕ್ಕಾ" ಎಂದೆ. ತೆಗೆದಳು. ಬಲ ಎದೆಯಲ್ಲಿ, ಕಂಕುಳ ಹತ್ತಿರ, ನಿಂಬೆಕಾಯಿಯಷ್ಟು ಗಂಟು. ಯಾವಾಗಿನಿಂದ ಎಂದು ಕೇಳಿದರೆ ಯುಗಾದಿಯಿಂದ ಎಂದಳು. ಆಗ ದೀಪಾವಳಿ ಹತ್ತಿರ ಬಂದಿತ್ತು.

ಧಾರವಾಡದಲ್ಲಿ ಪರೀಕ್ಷೆಗಳೆಲ್ಲ ಮುಗಿದು ವರದಿ ಬಂದಾಗ, ಎದೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಗಲೇ ಬಂದಿದ್ದರೆ ಗಂಟಷ್ಟೇ ತೆಗೆದು ಮುಗಿಸಬಹುದಿತ್ತಂತೆ.

ಮರಳುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಆ ಪುಡಿ ಮಾರಾವನ ಬಣ್ಣದ ಮಾತು ನಂಬಿ ಇಷ್ಟು ತಿಂಗಳ ಕಳದಿ. ಅವ್ವನ್ನ ಕಣ್ಣಾರೆ ನೋಡಿದಾಕಿ ನೀ."

"ಯಾರ್ ನಂಬಿದ್ರು ಅವನ್ನ?" ಎಂದಳು ಅಕ್ಕ, ಕಿಟಕಿಯ ಕಡೆ ಮುಖ ಮಾಡಿಯೇ. "ಅವ್ವನ್ನ ನೋಡಿದ್ದಕ್ಕ ದವಾಖಾನಿ ಅಂದ್ರ ಅಂಜಿಕಿ ಬರತಿತ್ತು. ಔಷಧ ತಗೊಳ್ಳಾಕ ಹತ್ತೇನಿ ಅಂತ ನನಗ ನಾನ ಹೇಳ್ಕೊಳ್ಳಾಕ ಏನರ ಒಂದು ಬೇಕಿತ್ತು."

ನನಗೆ ಅಳು ಬಂತು. "ನನಗರ ಹೇಳಬಾರದಿತ್ತಾ?"

"ನಿನಗ ಹೇಳಿದ್ರ ಅವತ್ತ ಎಳಕೊಂಡ ಹೋಗತಿದ್ದಿ. ಅದಕ್ಕ ಹೇಳಲಿಲ್ಲ."