ಟಿವಿಯ ಮೇಲಿನ ಮಾದಪ್ಪ

ಬೆಟ್ಟಕ್ಕೆ ಹೋದಾಗ ಕಾರಿನೊಳಗೆ ಅಂಟಿಸಲೆಂದು ನಾನು ತಂದಿದ್ದ ಹೆಬ್ಬೆರಳುದ್ದದ ಮಾದಪ್ಪನ ಮೂರ್ತಿ, ಅಡಿಯಲ್ಲಿದ್ದ ದಪ್ಪ ಅಯಸ್ಕಾಂತದ ಸಮೇತ, ಕೌದಳ್ಳಿಯ ನಮ್ಮ ಮನೆಯ ಹಳೇ ಡಬ್ಬಾ ಟಿವಿಯ ನೆತ್ತಿಗೇರಿದ್ದು ಅವ್ವನ ಭಕ್ತಿಯಿಂದ. ಅಪ್ಪ ತೀರಿಕೊಂಡ ದಿನ ಬಂತೆಂದರೆ ಟಿವಿಯ ಮುಂದೆ ಎಡೆಯಿಟ್ಟು, ಅಕ್ಕನ ಮದುವೆಯ ಸಿಡಿ ಹಾಕಿ, ಪಂಕ್ತಿಯಲ್ಲಿ ಪಾಯಸ ಬಡಿಸುತ್ತಾ ನಗುವ ಅಪ್ಪನನ್ನು ಕಣ್ತುಂಬ ನೋಡಿದ ಮೇಲೆಯೇ ನಾವು ಉಣ್ಣುವುದು. ಅವನು ನಡೆದಾಡುವುದು ಈಗ ಅದೊಂದರಲ್ಲೇ.

ಈ ಸಲ ದೇವರೂ ನೋಡಲಿ ಎಂದು ಅವ್ವ ಮಾದಪ್ಪನನ್ನು ಗಾಜಿನ ಅಂಚಿಗೇ ಕೂರಿಸಿದ್ದಳು. ಅಪ್ಪ ತೆರೆಗೆ ಬಂದ. ಮುಖವೆಲ್ಲ ನೀಲಿ. ಅವ್ವ ಎಡೆಯ ಮುಂದೆ ಕುಸಿದು ಕೂತಳು.

ನನಗೋ, ಗೆಳೆಯರೇ, ನಗು ಬಂತು. ಕೊಳ್ಳೇಗಾಲದ ಕಾಲೇಜಿನಲ್ಲಿ ವರ್ಷವೂ ಇದನ್ನೇ ಒದರುವ ಮೇಷ್ಟ್ರು ನಾನು. ಟಿವಿಯ ಕೊಳವೆಯಲ್ಲಿ ಎಲೆಕ್ಟ್ರಾನುಗಳು ತೆರೆಯತ್ತ ಧಾವಿಸುತ್ತವೆ. ಹಾಗೆ ಓಡುವ ವಿದ್ಯುತ್ ಕಣಕ್ಕೆ ಅಯಸ್ಕಾಂತ ಅಡ್ಡಬಂದರೆ ವೇಗ ಎಳ್ಳಷ್ಟೂ ಕುಂದುವುದಿಲ್ಲ, ದಾರಿ ಮಾತ್ರ ಬಾಗುತ್ತದೆ, ಕೆಂಪು ಚುಕ್ಕೆಗೆ ತಾಗಬೇಕಾದದ್ದು ನೀಲಿಗೆ ತಾಗುತ್ತದೆ. ಹೀಗೆಂದು ಪಾಠ ಒಪ್ಪಿಸುತ್ತಾ ದೇವರನ್ನು ಎತ್ತಿಕೊಂಡೆ.

"ಅವತ್ತೂ ಮೊಕ ಇಂಗೇ ನೀಲಿಗಾಗಿತ್ತು ಕಣಪ್ಪ," ಎಂದಳು ಅವ್ವ.

ಅಪ್ಪ ತೀರಿಕೊಂಡ ದಿನ ಹಾಸ್ಟೆಲಿನಿಂದ ಓಡಿಬಂದ ನನಗೆ, ಅಪ್ಪ ಎದೆನೋವಿನಿಂದ ಹೋದ ಎಂದಿದ್ದರು. ಅಪ್ಪನ ಮುಖದ ತುಂಬ ವಿಭೂತಿ ಬಳಿದಿದ್ದರು.

"ಆವು ಕಡ್ದಿತ್ತು. ಕಾಮಗೆರೆ ಆಸ್ಪತ್ರೆಗೆ ಅಂತ ಆಟೋ ಒಂಟಿತ್ತು. ದಾರೀಲಿ ಅನೂರ್ ತಾವ ನಾನೇ ತಿರುಗ್ಸಿ, ಮಾದಪ್ಪ ಕಾಯ್ತನೆ ಅಂತ ಮಂತ್ರ ಆಕೋರ್ ತಾವ ಕರ್ಕಂಡೋದೆ."

ಇಷ್ಟು ವರ್ಷ ಒಂದೇ ಸೂರಿನಡಿ ಉಂಡೆವಲ್ಲ, ಅವಳ ಬಾಯಿಂದ ಒಂದು ಮಾತಾದರೂ ಹೊರಬರಲಿಲ್ಲವಲ್ಲ. ಆ ಆಟೋ ನಿಧಾನವಾಗಿರಲಿಲ್ಲ. ಪಾಪ, ಜೀವ ಉಳಿಸಲೆಂದೇ ಓಡಿತ್ತು. ದಿಕ್ಕೊಂದು ತಪ್ಪಿತ್ತು. ಕರಿಹಲಗೆಯ ಮೇಲೆ ನಾನು ಸಾವಿರ ಸಲ ಬಾಗಿಸಿ ಎಳೆದ ಆ ಗೆರೆ ನಮ್ಮ ಮನೆಯೊಳಗಿಂದಲೇ ಹಾದುಹೋಗಿತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ.

ದೇವರನ್ನು ಎತ್ತಿದ ಮೇಲೂ ತೆರೆಗೆ ಅಂಟಿದ್ದ ಅಯಸ್ಕಾಂತದ ಗುಣ ಬಿಡಲೆಂದು ಟಿವಿ ಆರಿಸಿ, ತುಸು ತಡೆದು ಮತ್ತೆ ಹಚ್ಚಿದೆ. ಗುಂಯ್ ಎಂದು ತೆರೆ ನಡುಗಿ, ಅಪ್ಪನ ಮುಖಕ್ಕೆ ಎಣ್ಣೆಗೆಂಪು ಮರಳಿತು. ಅವ್ವ ಮುಚ್ಚಿದ್ದ ಕಣ್ಣು ತೆರೆಯಲಿಲ್ಲ.

"ನಾನು ದೇವ್ರ ನಂಬ್ಕಂಡ್ ಮಾಡುದ್ದೆಲ್ಲ ಇಂಗೇ ಆಯ್ತದೆ. ನೀನೇ ತಕಂಡೋಗು."

ಎಡೆಯ ಅನ್ನ ಆರುತ್ತಿತ್ತು. ಆ ಹೆಬ್ಬೆರಳುದ್ದದ ಮಾದಪ್ಪನನ್ನು ಅವಳ ಅಂಗೈಗೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದೆ.

"ನಿನ್ ತಾವೇ ಇರ್ಲಿ ಬುಡವ್ವ. ಕಣ್ಬುಟ್ಟು ನೋಡು, ಅಪ್ಪ ನಗ್ತಾವ್ನೆ."